ವಂಶವಾಹಿ ಔಷಧಕ್ಕೆ ಕೊಬ್ಬಿನ ಹೊದಿಕೆ

‘ಇದು ವಂಶವಾಹಿಯಲ್ಲೇ ಇರುವ ದೋಷ, ಮದ್ದಿಲ್ಲ’ ಎಂದು ವೈದ್ಯರು ಹೇಳುವುದನ್ನು ನೀವು ಕೇಳಿರಬಹುದು. ಅಂಥ ಮಗುವಿರುವ ಮನೆಯವರು ಕೇಳುವ ಪ್ರಶ್ನೆಯೊಂದಿದೆ: ದೋಷ ಎಲ್ಲಿದೆಯೆಂದು ತಿಳಿದ ಮೇಲೆ ಸರಿಯಾದ ವಂಶವಾಹಿಯನ್ನು ಇಂಜೆಕ್ಷನ್ ಮೂಲಕ ಕೊಡಬಾರದೇಕೆ? ನ್ಯಾಯವಾದ ಪ್ರಶ್ನೆಯೇ. ದೊಡ್ಡ ತೊಡಕು ಇರುವುದು ಔಷಧವನ್ನು ಜೀವಕೋಶದ ಒಳಕ್ಕೆ ಮುಟ್ಟಿಸುವುದರಲ್ಲಿ.

ಡಿಎನ್‌ಎ ಆಗಲಿ ಆರ್‌ಎನ್‌ಎ ಆಗಲಿ, ಹಾಗೆಯೇ ರಕ್ತಕ್ಕೆ ಸೇರಿಸಿದರೆ ಅಲ್ಲಿನ ಕಿಣ್ವಗಳು ಬೇಗನೆ ಅದನ್ನು ತುಂಡರಿಸುತ್ತವೆ. ಉಳಿದದ್ದು ಕೋಶದ ಪೊರೆಯನ್ನು ದಾಟಲಾರದು. ಆದ್ದರಿಂದ ವಿಜ್ಞಾನಿಗಳು ವೈರಸ್ಸನ್ನು ವಾಹಕವಾಗಿ ಬಳಸಿದರು. ಕೋಶದೊಳಗೆ ನುಗ್ಗುವುದು ಅದರ ಹುಟ್ಟುಗುಣ. ನಮ್ಮಲ್ಲಿ ಬಹಳ ಮಂದಿ ಹಾಕಿಸಿಕೊಂಡ ಕೋವಿಶೀಲ್ಡ್ ಲಸಿಕೆಯಲ್ಲಿದ್ದುದೂ ದೇಹದಲ್ಲಿ ವೃದ್ಧಿಯಾಗದಂತೆ ಮಾರ್ಪಡಿಸಿದ ವೈರಸ್ಸೇ. ಆದರೆ ದೇಹ ವೈರಸ್ಸನ್ನು ಶತ್ರುವೆಂದೇ ಕಾಣುತ್ತದೆ. 1999ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪ್ರಯೋಗವೊಂದರಲ್ಲಿ ವೈರಸ್ ವಾಹಕ ಪಡೆದ 18 ವರ್ಷದ ಯುವಕ ನಾಲ್ಕೇ ದಿನಗಳಲ್ಲಿ ತೀರಿಕೊಂಡ. ಒಮ್ಮೆ ಪ್ರತಿರೋಧ ಮೂಡಿತೆಂದರೆ ಅದೇ ವಾಹಕವನ್ನು ಮತ್ತೆ ಕೊಡುವುದೂ ಕಷ್ಟ.

ಕೃತಕ ವಾಹಕಗಳಲ್ಲಿ ಈಗ ಮುಂದಿರುವುದು ಕೊಬ್ಬಿನ ಕಣ. 2020ರ ಕೊನೆಯಲ್ಲಿ ಬಂದ ಫೈಜರ್, ಮಾಡರ್ನಾ ಲಸಿಕೆಗಳಲ್ಲಿದ್ದುದು ಇದೇ. ಗಾತ್ರ ಸುಮಾರು 100 ನ್ಯಾನೋಮೀಟರ್. ತಲೆಗೂದಲಿನ ದಪ್ಪದಷ್ಟು ಜಾಗದಲ್ಲಿ ಇಂಥ ನೂರಾರು ಕಣಗಳನ್ನು ಸಾಲಾಗಿ ಇಡಬಹುದು. ಇದರಲ್ಲಿ ನಾಲ್ಕು ಬಗೆಯ ಕೊಬ್ಬಿರುತ್ತದೆ. ನಾವೆಲ್ಲ ಹೆದರುವ ಕೊಲೆಸ್ಟೆರಾಲ್ ಕೂಡ ಅದರಲ್ಲೊಂದು! ಆದರೆ ಮುಖ್ಯ ಕೆಲಸ ಮಾಡುವುದು ಇನ್ನೊಂದು. ರಕ್ತದಲ್ಲಿರುವಾಗ ಅದಕ್ಕೆ ವಿದ್ಯುದಂಶ ಇಲ್ಲವೆನ್ನುವಷ್ಟು ಕಡಿಮೆ. ಕೋಶವು ಕಣವನ್ನು ಪುಟ್ಟ ಚೀಲದಲ್ಲಿ ಸುತ್ತಿ ಒಳಗೆಳೆದುಕೊಂಡಾಗ ಆ ಚೀಲದಲ್ಲಿ ಆಮ್ಲೀಯತೆ ಹೆಚ್ಚುತ್ತದೆ. ಆಗ ಈ ಕೊಬ್ಬಿಗೆ ಧನ ವಿದ್ಯುದಂಶ ಬಂದು, ಚೀಲದ ಪೊರೆ ಕದಡಿ, ಔಷಧ ಹೊರಬೀಳುತ್ತದೆ. ಹಾಗೆ ಹೊರಬರುವುದು ನೂರರಲ್ಲಿ ಕೆಲವೇ ಪಾಲು. ಬಹುಪಾಲನ್ನು ಕೋಶವೇ ಜೀರ್ಣಿಸಿಬಿಡುತ್ತದೆ.

ರಕ್ತನಾಳದ ಮೂಲಕ ಕೊಟ್ಟ ಕಣಗಳಲ್ಲಿ ಹೆಚ್ಚಿನವು ಸೇರುವುದು ಪಿತ್ತಜನಕಾಂಗವನ್ನು, ಅಂದರೆ ಲಿವರನ್ನು. ರಕ್ತದಲ್ಲಿ ಕೊಬ್ಬಿನ ಸಾಗಣೆಗೆ ನೆರವಾಗುವ ಪ್ರೊಟೀನೊಂದು ಕಣಕ್ಕೆ ಅಂಟಿಕೊಳ್ಳುವುದೇ ಕಾರಣ. ಲಿವರ್ ಅದನ್ನು ಎಂದಿನ ಕೊಬ್ಬೆಂದು ಒಳಗೆ ಬಿಟ್ಟುಕೊಳ್ಳುತ್ತದೆ. ಈ ಬಗೆಯ ಮೊದಲ ಔಷಧ ಪಟಿಸಿರಾನ್ ಕೂಡ ಲಿವರ್‌ಗೇ ಸಂಬಂಧಿಸಿದ್ದು. ಅಮೆರಿಕ 2018ರಲ್ಲಿ ಅದಕ್ಕೆ ಅನುಮತಿ ಕೊಟ್ಟಿತು. ಲಿವರ್ ತಯಾರಿಸುವ ದೋಷಪೂರಿತ ಪ್ರೊಟೀನೊಂದು ನರಗಳಲ್ಲಿ ಶೇಖರವಾಗುವ ವಂಶಪಾರಂಪರ್ಯ ಕಾಯಿಲೆಗೆ ಇದನ್ನು ಮೂರು ವಾರಕ್ಕೊಮ್ಮೆ ಡ್ರಿಪ್ ಮೂಲಕ ಕೊಡುತ್ತಾರೆ. ಮೈ ಪ್ರತಿಕ್ರಿಯಿಸದಂತೆ ಮುಂಚೆಯೇ ಸ್ಟೀರಾಯ್ಡ್ ಮುಂತಾದವನ್ನೂ ಕೊಡಬೇಕಾಗುತ್ತದೆ.

2025ರಲ್ಲಿ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯಿಂದ ಬಂದ ಸುದ್ದಿ ಇನ್ನೂ ದೊಡ್ಡದು. ಲಿವರಿನ ಕಿಣ್ವವೊಂದರ ದೋಷದಿಂದ ರಕ್ತದಲ್ಲಿ ಅಮೋನಿಯಾ ಏರುತ್ತಿದ್ದ ಹಸುಗೂಸಿಗಾಗಿ, ಅದೊಂದೇ ಮಗುವಿನ ದೋಷವನ್ನು ತಿದ್ದುವ ಔಷಧ ತಯಾರಿಸಿ ಕೊಬ್ಬಿನ ಕಣಗಳಲ್ಲಿ ಮೂರು ಸಲ ಕೊಟ್ಟರು. ವೈರಸ್ ವಾಹಕವಾಗಿದ್ದರೆ ಹೀಗೆ ಮತ್ತೆ ಮತ್ತೆ ಕೊಡುವುದು ಸುಲಭವಿರಲಿಲ್ಲ. ಮಗು ಹೆಚ್ಚು ಪ್ರೊಟೀನ್ ತಾಳಿಕೊಳ್ಳತೊಡಗಿತು, ಇತರ ಔಷಧದ ಪ್ರಮಾಣವೂ ಇಳಿಯಿತು. ಪೂರ್ಣ ಗುಣವೆಂದು ವೈದ್ಯರು ಹೇಳಿಲ್ಲ.

ಸ್ನಾಯು, ಮಿದುಳಿನ ದೋಷವಿರುವ ಮಕ್ಕಳ ತಂದೆತಾಯಿಯರಿಗೆ ಇಷ್ಟು ನೇರವಾಗಿ ಹೇಳಲೇಬೇಕು: ಈ ಕಣಗಳು ಅಲ್ಲಿಗೆ ಇನ್ನೂ ಸಾಕಷ್ಟು ಮುಟ್ಟುತ್ತಿಲ್ಲ. ಯಾರಾದರೂ ‘ಜೀನ್ ಇಂಜೆಕ್ಷನ್’ ಎಂದು ಆಸೆ ತೋರಿಸಿದರೆ ವಾಹಕ ಯಾವುದು, ಯಾವ ಅಂಗಕ್ಕೆ ಸೇರುತ್ತದೆ, ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ದಾಖಲಾಗಿದೆಯೇ ಎಂದು ಕೇಳಿ. ಪ್ರಯೋಗದ ಹಂತದ ಔಷಧಕ್ಕೆ ರೋಗಿಯಿಂದ ಹಣ ಪಡೆಯುವುದು ಸಲ್ಲದು. ಮಗುವಿನ ವಂಶವಾಹಿ ಪರೀಕ್ಷೆಯ ವರದಿಯನ್ನು ಮಾತ್ರ ಜೋಪಾನವಾಗಿಡಿ; ಮುಂದೆ ಯಾವುದೇ ಪ್ರಯೋಗಕ್ಕೆ ಸೇರುವಾಗ ಮೊದಲು ಕೇಳುವುದು ಅದನ್ನೇ.