ಹೊಸ ಫ್ಲ್ಯಾಟು, ಒಂದೇ ಇಂಟರ್ನೆಟ್ ಕಂಪನಿ: ಬೀಗ ಎಲ್ಲಿದೆ, ಕೀಲಿ ಯಾರ ಹತ್ತಿರ?

ಹೋದ ವಿಡಿಯೋದಲ್ಲಿ ಮಾತಾಡಿದ್ದನ್ನೇ ಇಲ್ಲಿ ಸ್ವಲ್ಪ ಅಚ್ಚುಕಟ್ಟಾಗಿ ಬರೆದಿದ್ದೇನೆ. ವಿಡಿಯೋ ನೋಡೋಕೆ ಟೈಮ್ ಇಲ್ಲದವರು ಇದನ್ನು ಓದಿದರೆ ಸಾಕು.

ಪುಣೆಯ ಹಿಂಜವಡಿ ಹತ್ತಿರದ ಹೊಸ ಫ್ಲ್ಯಾಟಿಗೆ ನಾವು ಬಂದ ಮೊದಲ ವಾರ. ಬಾಡಿಗೆ ಮನೆಯಲ್ಲಿ ನಾಲ್ಕು ವರ್ಷ ತೊಂದರೆ ಕೊಡದೆ ನಡೆದ ಬ್ರಾಡ್‌ಬ್ಯಾಂಡನ್ನೇ ಇಲ್ಲಿಗೂ ಶಿಫ್ಟ್ ಮಾಡಿಸೋಣ ಅಂತ ಫೋನ್ ಮಾಡಿದೆ. "ಸರ್, ನಿಮ್ಮ ರಸ್ತೆವರೆಗೂ ನಮ್ಮ ಫೈಬರ್ ಇದೆ. ಆದ್ರೆ ನಿಮ್ಮ ಗೇಟಿನೊಳಗೆ ನಮ್ಮನ್ನ ಬಿಡಲ್ಲ" ಅಂದರು. ಫೆಸಿಲಿಟಿ ಆಫೀಸಿಗೆ ಹೋಗಿ ಕೇಳಿದರೆ ಮ್ಯಾನೇಜರ್ ಒಂದು ಬಣ್ಣದ ಕಾಗದ ಕೈಗಿಟ್ಟರು. ಒಂದೇ ಕಂಪನಿ, ಮೂರು ಪ್ಲಾನು. "ಯಹಾ ಯಹೀ ಚಲ್ತಾ ಹೈ ಸರ್."

ಸರಿ, ತಗೊಂಡ್ವಿ. ಮೂರು ತಿಂಗಳಾದ ಮೇಲೆ ಒಂದು ಶುಕ್ರವಾರ ರಾತ್ರಿ ಪ್ರೊಡಕ್ಷನ್ ರಿಲೀಸ್ ನಡೀತಿರುವಾಗಲೇ ಲೈನ್ ಹೋಯಿತು. ವಾಪಸ್ ಬಂದದ್ದು ಭಾನುವಾರ ಸಂಜೆ. ರೂಮಿನೊಳಗೆ ಮೊಬೈಲ್ ಸಿಗ್ನಲ್ ಒಂದೇ ಕಡ್ಡಿ, ಹಾಗಾಗಿ ಬಾಲ್ಕನಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡು ಹಾಟ್‌ಸ್ಪಾಟಿನಲ್ಲಿ ಕೆಲಸ ಮುಗಿಸಿದೆ. ಟವರಿನ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರದ್ದೂ ಅದೇ ಗೋಳು. ಬೇರೆ ಕಂಪನಿಗೆ ಹೋಗ್ತೀನಿ ಅಂತ ಹೆದರಿಸೋಕೂ ಆಗಲ್ಲ, ಯಾಕಂದ್ರೆ ಹೋಗೋಕೆ ಬೇರೆ ಕಂಪನಿಯೇ ಇಲ್ಲ.

ಹೈದರಾಬಾದಿನ ಕೊಂಡಾಪುರ, ಚೆನ್ನೈನ ಒಎಂಆರ್, ನೋಯ್ಡಾ, ಎಲ್ಲ ಕಡೆಯ ಸ್ನೇಹಿತರೂ ಇದೇ ಕಥೆ ಹೇಳ್ತಾರೆ. ಹಾಗಾದರೆ ಇದು ಟೆಕ್ನಿಕಲ್ ಸಮಸ್ಯೆಯೋ, ವ್ಯಾಪಾರದ್ದೋ? ಬಿಡಿಸಿ ನೋಡೋಣ.

ಫೈಬರ್ ನಿಮ್ಮ ಮನೆಗೆ ಬರೋದು ಹೇಗೆ?

ಕಂಪನಿಯ ಕಡೆ ಒಎಲ್‌ಟಿ ಅನ್ನೋ ಒಂದು ಪೆಟ್ಟಿಗೆ ಇರುತ್ತೆ. ಅದು ಅವರ ಎಕ್ಸ್‌ಚೇಂಜಿನಲ್ಲಿರಬಹುದು, ನಿಮ್ಮ ಬೇಸ್‌ಮೆಂಟಿನಲ್ಲೂ ಇರಬಹುದು. ಅಲ್ಲಿಂದ ಹೊರಟ ಒಂದು ಎಳೆ ಫೈಬರನ್ನು ಸ್ಪ್ಲಿಟರ್ ಅನ್ನೋ ಸಣ್ಣ ಸಾಧನ 32 ಅಥವಾ 64 ಎಳೆಗಳಾಗಿ ಒಡೆಯುತ್ತೆ. ಸ್ಪ್ಲಿಟರಿಗೆ ಕರೆಂಟ್ ಬೇಡ, ಅದು ಬೆಳಕನ್ನು ಹಂಚುತ್ತೆ ಅಷ್ಟೇ. ಆ ಒಂದೊಂದು ಎಳೆ ಶಾಫ್ಟ್ ಮೂಲಕ ಮೇಲೆ ಹತ್ತಿ, ಗೋಡೆಯೊಳಗಿನ ಪೈಪಿನಲ್ಲಿ ಸಾಗಿ, ನಿಮ್ಮ ಹಾಲ್‌ನಲ್ಲಿರುವ ಒಎನ್‌ಟಿಗೆ ಸೇರುತ್ತೆ. ನಾವು ರೂಟರ್ ಅಂತ ಕರೆಯೋ ಬಿಳಿ ಡಬ್ಬಿಯೊಳಗೆ ಸಾಮಾನ್ಯವಾಗಿ ಇದೂ ಸೇರಿರುತ್ತೆ. ಇದೇ ಜಿಪಾನ್ ತಂತ್ರಜ್ಞಾನ. ಡೌನ್‌ಲೋಡಿಗೆ ಸುಮಾರು 2.5 ಜಿಬಿಪಿಎಸ್, ಅಪ್‌ಲೋಡಿಗೆ ಸುಮಾರು 1.25 ಜಿಬಿಪಿಎಸ್. ಒಂದು ಸ್ಪ್ಲಿಟರಿನ ಕೆಳಗಿರುವ ಮನೆಗಳೆಲ್ಲ ಇದನ್ನು ಹಂಚಿಕೊಳ್ಳಬೇಕು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಒಎಲ್‌ಟಿ, ಒಎನ್‌ಟಿ ಎರಡೂ ಕಂಪನಿಯವು. ಆದರೆ ನಡುವೆ ಇರುವ ಗಾಜಿನ ಎಳೆಗೆ ಯಾವ ಕಂಪನಿಯ ಹೆಸರೂ ಇಲ್ಲ. ಯಾರ ಬೆಳಕು ಬಿಟ್ಟರೂ ಸಾಗಿಸುತ್ತೆ. ಕಟ್ಟಡ ಕಟ್ಟುವಾಗಲೇ ಬಿಲ್ಡರ್ ಬೇಸ್‌ಮೆಂಟಿನ ಟೆಲಿಕಾಂ ರೂಮಿನಿಂದ ಪ್ರತಿ ಮನೆಗೂ ನಾಲ್ಕು ಎಳೆಯ ಕೇಬಲ್ ಹಾಕಿಸಿದರೆ, ನಾಲ್ಕು ಕಂಪನಿಗಳು ಗೋಡೆಗೆ ಒಂದು ತೂತೂ ಕೊರೆಯದೆ ಸೇವೆ ಕೊಡಬಹುದು. ಒಂದು ಎಳೆಯ ಕೇಬಲ್ಲಿಗೂ ನಾಲ್ಕು ಎಳೆಯ ಕೇಬಲ್ಲಿಗೂ ಬೆಲೆಯಲ್ಲಿ ದೊಡ್ಡ ಅಂತರವಿಲ್ಲ. ಖರ್ಚು ಬೀಳೋದು ಎಳೆಯುವ ಕೂಲಿಗೆ.

ಅಂದ್ರೆ ತಂತ್ರಜ್ಞಾನದಲ್ಲಿ ಅಡ್ಡಿಯಿಲ್ಲ. ಬೀಗ ಇರೋದು ಬೇರೆ ಕಡೆ.

ಮೂರು ಬೀಗಗಳು

ಮೊದಲನೇದು ಪೈಪಿನ ಬೀಗ. ಶಾಫ್ಟಿನಿಂದ ಮನೆಯೊಳಗೆ ಬರುವ ಪೈಪು ಸಣ್ಣದು. ಟಿವಿ ಕೇಬಲ್, ಇಂಟರ್‌ಕಾಂ, ಮೊದಲ ಕಂಪನಿಯ ಫೈಬರ್ ಸೇರಿದರೆ ಅದು ತುಂಬಿಹೋಗುತ್ತೆ. ಎರಡನೇ ಕಂಪನಿ ಬರಬೇಕೆಂದರೆ ಕಾರಿಡಾರಿನಲ್ಲಿ ಕೇಬಲ್ ನೇತುಹಾಕಬೇಕು. ಅದಕ್ಕೆ "ಎಲಿವೇಶನ್ ಹಾಳಾಗುತ್ತೆ" ಅಂತ ತಕರಾರು.

ಎರಡನೇದು ಕಾಗದದ ಬೀಗ. ಬಿಲ್ಡರ್ ಮತ್ತು ಕಂಪನಿ ನಡುವಿನ ಒಪ್ಪಂದ. "ಇಡೀ ಕಟ್ಟಡದ ವೈರಿಂಗ್ ನಾವೇ ಮಾಡಿಕೊಡ್ತೀವಿ, ಇಷ್ಟು ವರ್ಷ ಬೇರೆಯವರನ್ನ ಒಳಗೆ ಬಿಡಬೇಡಿ" ಅನ್ನೋದು ಒಂದು ಬಗೆ. ಬಂದ ದುಡ್ಡಿನಲ್ಲಿ ಪಾಲು ಕೊಡೋದು ಇನ್ನೊಂದು ಬಗೆ. ಬಿಲ್ಡರಿಗೆ ವೈರಿಂಗ್ ಖರ್ಚು ಉಳೀತು, ಕಂಪನಿಗೆ ಗಿರಾಕಿಗಳು ಖಾತ್ರಿಯಾದರು. ಪ್ರತಿ ತಿಂಗಳು ಬಿಲ್ಲು ಕಟ್ಟೋರು ಮಾತ್ರ ಆ ಮೇಜಿನ ಹತ್ತಿರ ಇರಲೇ ಇಲ್ಲ.

ಮೂರನೇದು ನಿಜವಾದ ಬೀಗವೇ, ಶಾಫ್ಟ್ ರೂಮಿನದ್ದು. ಕೀಲಿ ಫೆಸಿಲಿಟಿ ಮ್ಯಾನೇಜರ್ ಹತ್ತಿರ. ಕಾಗದದಲ್ಲಿ ಯಾವ ನಿಷೇಧವೂ ಇಲ್ಲದಿದ್ದರೂ "ಇವತ್ತು ಪರ್ಮಿಷನ್ ಇಲ್ಲ, ನಾಳೆ ಬನ್ನಿ" ಅಂತ ನಾಲ್ಕು ಸಲ ವಾಪಸ್ ಕಳಿಸಿದರೆ ಲೈನ್‌ಮ್ಯಾನ್ ಐದನೇ ಸಲ ಬರಲ್ಲ.

ಎಲ್ಲದರಲ್ಲೂ ಪಿತೂರಿ ಹುಡುಕೋದು ಬೇಡ, ಲೆಕ್ಕವೂ ಒಂದಿದೆ. 300 ಮನೆಯ ಸೊಸೈಟಿ ಅಂತಿಟ್ಟುಕೊಳ್ಳಿ. ಒಬ್ಬನೇ ಬಂದರೆ 240 ಗಿರಾಕಿಗಳು, ಮೂವರು ಬಂದರೆ ತಲಾ 80. ಕೇಬಲ್ ಎಳೆಯುವ ಖರ್ಚು ಮಾತ್ರ ಮೂವರಿಗೂ ಹೆಚ್ಚುಕಮ್ಮಿ ಒಂದೇ. ಹಾಗಾಗಿ ಬಾಗಿಲು ತೆರೆದಿದ್ದರೂ ಅರ್ಧ ಖಾಲಿ ಇರುವ ಹೊಸ ಕಟ್ಟಡಕ್ಕೆ ಎರಡನೇ ಕಂಪನಿ ಮೀನಮೇಷ ಎಣಿಸುತ್ತೆ. ಇದಕ್ಕೇ ಬಿಲ್ಡರ್ ಹಾಕಿದ ಹಂಚಿಕೆಯ ಫೈಬರ್ ಮುಖ್ಯ. ಅದಿದ್ದರೆ ಎರಡನೆಯವನ ಖರ್ಚು ಇಳಿಯುತ್ತೆ, ಬರುವ ಧೈರ್ಯ ಮಾಡ್ತಾನೆ.

ಕಾನೂನು ಏನು ಹೇಳುತ್ತೆ?

ಕಟ್ಟಡದೊಳಗೆ ಎಲ್ಲ ಟೆಲಿಕಾಂ ಕಂಪನಿಗಳಿಗೂ ಭೇದವಿಲ್ಲದೆ ಪ್ರವೇಶ ಇರಬೇಕು ಅಂತ ಟ್ರಾಯ್ 2017ರ ಜನವರಿಯಲ್ಲೇ ಹೇಳಿತ್ತು. ಆದರೆ ಅದು ಶಿಫಾರಸು, ಕಾನೂನಲ್ಲ.

2023ರ ದೂರಸಂಪರ್ಕ ಕಾಯ್ದೆಯ 13ನೇ ಸೆಕ್ಷನ್ ಒಂದು ಹೆಜ್ಜೆ ಮುಂದೆ ಹೋಗಿದೆ. ಕೇಬಲ್ ಹಾಕಲು ದಾರಿ ಕೊಡುವವರು ಕಂಪನಿಗಳ ನಡುವೆ ಭೇದ ಮಾಡಬಾರದು, ಸಾಧ್ಯವಾದಷ್ಟೂ ಒಬ್ಬರಿಗೇ ಮೀಸಲಿಡಬಾರದು ಅನ್ನುತ್ತೆ. ಖಾಸಗಿ ಜಾಗಕ್ಕೂ ಇದು ಅನ್ವಯ. 2024ರ ಜೂನ್ 26ರಿಂದ ಈ ಸೆಕ್ಷನ್ ಜಾರಿಯಲ್ಲಿದೆ. "ಸಾಧ್ಯವಾದಷ್ಟೂ" ಅನ್ನೋ ಮಾತಿನಲ್ಲಿ ನುಸುಳೋಕೆ ಜಾಗ ಇದೆ, ನಿಜ. ಆದರೂ ಕಮಿಟಿಗೆ ಪತ್ರ ಬರೆಯುವಾಗ ಈ ಸೆಕ್ಷನ್ ನಂಬರ್ ಹಾಕಿ. ಬಾಯಿಮಾತಿನಲ್ಲಿ ಕೇಳೋದಕ್ಕಿಂತ ತೂಕ ಬರುತ್ತೆ.

ಟ್ರಾಯ್ 2024ರ ಅಕ್ಟೋಬರಿನಲ್ಲಿ ಕಟ್ಟಡಗಳಿಗೆ ಡಿಜಿಟಲ್ ಸಂಪರ್ಕದ ಸ್ಟಾರ್ ರೇಟಿಂಗ್ ಕೊಡುವ ನಿಯಮಗಳನ್ನೂ ತಂದಿದೆ. ಫ್ರಿಜ್ಜಿಗೆ, ಎಸಿಗೆ ಸ್ಟಾರ್ ನೋಡಿ ಕೊಳ್ಳೋ ಹಾಗೆ ಮನೆಗೂ ನೋಡಬಹುದು. ಆದರೆ ರೇಟಿಂಗ್ ಮಾಡಿಸೋದು ಕಡ್ಡಾಯವಲ್ಲ. ಬಿಲ್ಡರಿಗೆ ಮನಸ್ಸಿದ್ದರೆ ಉಂಟು.

ಇನ್ನೊಂದು ಆಯುಧ ರೇರಾ, ಅಂದರೆ 2016ರ ಕಾಯ್ದೆ. ಮೆಟ್ಟಿಲು, ಲಾಬಿ, ಬೇಸ್‌ಮೆಂಟು ಎಲ್ಲ ಅದರ ಪ್ರಕಾರ ಸಾಮಾನ್ಯ ಪ್ರದೇಶ. 17ನೇ ಸೆಕ್ಷನ್ ಪ್ರಕಾರ ಬಿಲ್ಡರ್ ಅದನ್ನು, ಅದರ ದಾಖಲೆ, ನಕ್ಷೆಗಳ ಸಮೇತ, ನಿವಾಸಿಗಳ ಸಂಘಕ್ಕೆ ಒಪ್ಪಿಸಬೇಕು. ಇಂಟರ್ನೆಟ್ ಒಪ್ಪಂದದ ಪ್ರತಿಯನ್ನೂ ಆವಾಗಲೇ ಕೇಳಿ ಪಡೆದುಕೊಳ್ಳಿ. ಲಿಫ್ಟ್ ಎಎಂಸಿ, ಜನರೇಟರ್ ವಾರಂಟಿ ಎಲ್ಲ ಕೇಳ್ತೀವಿ, ಇದೊಂದನ್ನ ಮರೀತೀವಿ.

ನೀವೇನು ಮಾಡಬಹುದು?

ಮನೆ ನೋಡೋಕೆ ಹೋದಾಗ ಸ್ಯಾಂಪಲ್ ಫ್ಲ್ಯಾಟಿನ ಮಾಡ್ಯುಲರ್ ಕಿಚನ್ ಜೊತೆ ನಾಲ್ಕು ಪ್ರಶ್ನೆ ಕೇಳಿ. ಎಷ್ಟು ಕಂಪನಿಗಳು ಈಗ ಸೇವೆ ಕೊಡ್ತಿವೆ? ಮನೆಯೊಳಗೆ ಬರುವ ಫೈಬರ್ ಎಷ್ಟು ಎಳೆಯದ್ದು, ಅದು ಯಾರ ಸ್ವತ್ತು? ಯಾವುದಾದರೂ ಕಂಪನಿ ಜೊತೆ ಒಪ್ಪಂದ ಇದೆಯಾ, ಎಷ್ಟು ವರ್ಷಕ್ಕೆ? ಬೇಸ್‌ಮೆಂಟಿನ ನೆಟ್‌ವರ್ಕ್ ಪೆಟ್ಟಿಗೆಗೆ ಜನರೇಟರ್ ಕರೆಂಟ್ ಇದೆಯಾ? ಕೊನೇ ಪ್ರಶ್ನೆ ಸಣ್ಣದಲ್ಲ. ಕೆಳಗಿನ ಪೆಟ್ಟಿಗೆ ಆರಿದರೆ ನಿಮ್ಮ ಮನೆಯ ಯುಪಿಎಸ್ ಏನೂ ಮಾಡಲ್ಲ. ಉತ್ತರವನ್ನು ಇ-ಮೇಲಿನಲ್ಲಿ ತಗೊಳ್ಳಿ. "ಪೊಸೆಶನ್ ಆದ್ಮೇಲೆ ಎಲ್ಲ ಬರುತ್ತೆ ಸರ್" ಅನ್ನೋದು ಉತ್ತರವಲ್ಲ.

ಬಾಡಿಗೆಗೆ ಇರೋರಿಗೆ ಮೀಟಿಂಗಿನಲ್ಲಿ ಓಟಿಲ್ಲ. ಅವರು ಅಡ್ವಾನ್ಸ್ ಕೊಡುವ ಮುಂಚೆಯೇ ಪಕ್ಕದ ಮನೆಯವರನ್ನ ಕೇಳೋದು ಒಳ್ಳೇದು. 2023ರಿಂದ ಬಂದಿರುವ ಜಿಯೋ, ಏರ್‌ಟೆಲ್ ಏರ್‌ಫೈಬರ್‌ಗಳು 5ಜಿ ಮೂಲಕ ನಡೆಯೋದರಿಂದ ಶಾಫ್ಟಿನ ಹಂಗಿಲ್ಲ. ಬ್ಯಾಕಪ್ಪಿಗೆ ಪರವಾಗಿಲ್ಲ. ಆದರೆ ಟವರ್ ಸಿಗ್ನಲ್ ಹಂಚಿಕೆಯದ್ದು, ಸಂಜೆ ಹೊತ್ತು ವೇಗ ಇಳಿಯಬಹುದು. ಹೊರಗೆ ಆಂಟೆನಾ ಬೇಕಾದರೆ ಅದಕ್ಕೂ ಸೊಸೈಟಿ ಒಪ್ಪಬೇಕು.

ಎರಡು ಕನೆಕ್ಷನ್ ತಗೊಳ್ಳೋರಿಗೆ ಒಂದು ಮಾತು. ಬ್ರ್ಯಾಂಡ್ ಎರಡಾದರೆ ಸಾಲದು, ದಾರಿಯೂ ಎರಡಾಗಿರಬೇಕು. ಎರಡೂ ಕೇಬಲ್ ಒಂದೇ ಗುಂಡಿಯಲ್ಲಿ ಬಂದಿದ್ದರೆ ಜೆಸಿಬಿ ಒಂದೇ ಏಟಿಗೆ ಎರಡನ್ನೂ ಕತ್ತರಿಸುತ್ತೆ. ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್ ಅಂದ್ರೇನು ಅಂತ ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ.

ಕಂಪನಿ ಮೇಲಿನ ದೂರನ್ನು ಫೋನಿನಲ್ಲಿ ಜಗಳವಾಡಿ ಮುಗಿಸಬೇಡಿ. ಡಾಕೆಟ್ ನಂಬರ್ ತಗೊಳ್ಳಿ, ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಿ. ಟ್ರಾಯ್ ಒಬ್ಬೊಬ್ಬರ ದೂರು ನೋಡಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ನಮ್ಮಲ್ಲಿ ಏನಾಯ್ತು?

ಸಂಘ ಆದ ಮೇಲೆ ನಾವು ಏಳೆಂಟು ಜನ ಸೇರಿ ಒಪ್ಪಂದದ ಪ್ರತಿ ಕೇಳಿದ್ವಿ. ಎರಡು ತಿಂಗಳು ಓಡಾಡಿಸಿ ಕೊಟ್ಟರು. ನೋಡಿದರೆ "ಬೇರೆಯವರನ್ನ ಬಿಡಬಾರದು" ಅನ್ನೋ ಸಾಲೇ ಅದರಲ್ಲಿ ಇರಲಿಲ್ಲ! ವೈರಿಂಗ್ ಮಾಡಲು ಅನುಮತಿ ಅಷ್ಟೇ. ಇಷ್ಟು ದಿನ ನಮ್ಮನ್ನ ಕಟ್ಟಿಹಾಕಿದ್ದು ಕಾಗದ ಅಲ್ಲ, ಕೀಲಿ ಗೊಂಚಲು.

ಗೆದ್ವಿ ಅಂದುಕೊಂಡು ಮೀಟಿಂಗಿಗೆ ಹೋದರೆ ಅಲ್ಲಿ ಹೊಸ ಮಾತು. ನಮ್ಮ ಕಮಿಟಿಯವರೇ ಒಬ್ಬರು, "ಒಳಗೆ ಬಿಡೋಕೆ ಕಂಪನಿಯಿಂದ ಒಳ್ಳೇ ಮೊತ್ತ ಕೇಳೋಣ, ಯಾರು ಜಾಸ್ತಿ ಕೊಡ್ತಾರೋ ಅವರಿಗೇ ಕೊಡೋಣ, ಮೇಂಟೆನೆನ್ಸ್ ಕಮ್ಮಿ ಆಗುತ್ತೆ" ಅಂದರು. ತುಂಬ ಜನ ತಲೆಯಾಡಿಸಿದರು ಕೂಡ. ಬಿಲ್ಡರ್ ಮಾಡಿದ್ದೂ ಇದನ್ನೇ ತಾನೇ? ಕಂಪನಿ ಕೊಡುವ ಮೊತ್ತ ಎಲ್ಲಿಂದ ಬರುತ್ತೆ? ನಮ್ಮ ಬಿಲ್ಲಿನಿಂದಲೇ. ಒಂದು ಕೈಯಲ್ಲಿ ಮೇಂಟೆನೆನ್ಸ್ ಉಳಿಸಿ ಇನ್ನೊಂದು ಕೈಯಲ್ಲಿ ಇಂಟರ್ನೆಟ್ಟಿಗೆ ಕೊಡೋದು. ಮೇಲಾಗಿ ಲೈನ್ ಹೋದಾಗ ಬೇರೆ ದಾರಿಯೂ ಇಲ್ಲ.

ಇದನ್ನ ಹೇಳೋಕೆ ನಾನು ಒಂದೇ ಉದಾಹರಣೆ ಕೊಟ್ಟೆ. ನಾಳೆಯಿಂದ ಗೇಟಿನೊಳಗೆ ಒಬ್ಬನೇ ಹಾಲಿನವನು ಬರಲಿ, ಅವನು ಸೊಸೈಟಿಗೆ ದುಡ್ಡು ಕಟ್ಟಲಿ, ಹಾಲು ನೀರಾದರೂ ನೀವು ಅವನ ಹತ್ತಿರವೇ ತಗೊಳ್ಳಿ. ಒಪ್ತೀರಾ? ನಕ್ಕರು. ಆಮೇಲೆ ಓಟಿಗೆ ಹಾಕಿದಾಗ ಕಡಿಮೆ ಅಂತರದಲ್ಲಿ ನಮ್ಮ ಮಾತು ನಿಂತಿತು.

ಈಗ ಒಂದು ಪುಟದ ನಿಯಮ ಇದೆ. ಲೈಸೆನ್ಸ್ ಇರುವ ಯಾವ ಕಂಪನಿಯಾದರೂ ಬರಬಹುದು. ಎಲ್ಲರಿಗೂ ಒಂದೇ ಷರತ್ತು: ಶಾಫ್ಟಿನಲ್ಲಿ ಬಳಸುವ ಕರೆಂಟಿಗೆ ದುಡ್ಡು ಕೊಡಬೇಕು, ಕೇಬಲ್ಲಿಗೆ ಹೆಸರಿನ ಚೀಟಿ ಅಂಟಿಸಬೇಕು, ಕೊರೆದ ತೂತು ಮುಚ್ಚಬೇಕು. ಕೀಲಿ ತಗೊಂಡವರ ಹೆಸರು, ಸಮಯ ರಿಜಿಸ್ಟರಿನಲ್ಲಿ ಬರೀಬೇಕು. ಎರಡನೇ ಕಂಪನಿ ಬಂದಿದೆ. ನಾನು ಹಳೇ ಕಂಪನಿಯಲ್ಲೇ ಇದ್ದೀನಿ, ಯಾಕಂದ್ರೆ ಈಗ ದೂರು ಕೊಟ್ಟರೆ ಅದೇ ದಿನ ಬರ್ತಾರೆ.

ನಿಮ್ಮ ಸೊಸೈಟಿಯಲ್ಲಿ ಎಷ್ಟು ಕಂಪನಿಗಳಿವೆ, ಕೀಲಿ ಯಾರ ಹತ್ತಿರ ಇದೆ ಅಂತ ಒಮ್ಮೆ ಕೇಳಿ ನೋಡಿ. ಮನೆ ಹುಡುಕ್ತಿರೋ ಸ್ನೇಹಿತರಿದ್ದರೆ ಆ ನಾಲ್ಕು ಪ್ರಶ್ನೆಗಳನ್ನು ಅವರಿಗೂ ಕಳಿಸಿ.