ಬೇಲಿಯ ಗುಲಗಂಜಿ: ಕಾವ್ಯದಲ್ಲಿ ಆಭರಣ, ಅಂಗಳದಲ್ಲಿ ಎಚ್ಚರಿಕೆ

ಹುಕ್ಕೇರಿ ತಾಲ್ಲೂಕಿನ ಕಣಗಲಾದಿಂದ ಗೋಕಾಕ, ಮೂಡಲಗಿಯವರೆಗಿನ ಪ್ರದೇಶದಲ್ಲಿ ಕಬ್ಬು, ಗೋವಿನಜೋಳ, ಸೋಯಾಅವರೆ ಬೆಳೆಗಳು ರೈತರಿಗೆ ಚಿರಪರಿಚಿತ. ಈ ಹೊಲಗಳ ಅಂಚಿನ ಕಳ್ಳಿ, ಕತ್ತಾಳೆ ಹಾಗೂ ಮುಳ್ಳುಪೊದೆಗಳ ಬೇಲಿಯನ್ನು ಆಶ್ರಯಿಸಿ ಬೆಳೆಯುವ ಕಾಡುಬಳ್ಳಿಗಳ ಕಡೆಗೆ ಮಾತ್ರ ನಮ್ಮ ಗಮನ ಹರಿಯುವುದು ಕಡಿಮೆ. ಅವುಗಳಲ್ಲಿ ಗುಲಗಂಜಿಯು ಸಾಹಿತ್ಯ, ಜಾನಪದ, ಚಿನಿವಾರ ವೃತ್ತಿ ಮತ್ತು ವೈದ್ಯ ಇವೆಲ್ಲದರಲ್ಲಿಯೂ ಸ್ಥಾನ ಪಡೆದ ಸಸ್ಯ. ಇದರ ಬೀಜವು ತೀವ್ರ ವಿಷಕಾರಿಯೂ ಆಗಿದೆ. ಆದ್ದರಿಂದ ಇದರ ಪರಂಪರೆ ಮತ್ತು ಅಪಾಯ ಎರಡನ್ನೂ ಒಟ್ಟಿಗೆ ತಿಳಿಯುವುದು ಅವಶ್ಯಕ.

ಸಸ್ಯ ಪರಿಚಯ

ಗುಲಗಂಜಿಯ ಸಸ್ಯಶಾಸ್ತ್ರೀಯ ಹೆಸರು ಅಬ್ರಸ್ ಪ್ರಿಕಟೋರಿಯಸ್. ಸಂಸ್ಕೃತದಲ್ಲಿ ಗುಂಜಾ, ಗಡಿಭಾಗದ ಮರಾಠಿಯಲ್ಲಿ ಗುಂಜ ಎನ್ನುವರು. ಇದು ತೊಗರಿ, ಅವರೆಗಳಂತೆ ದ್ವಿದಳ ಕುಟುಂಬಕ್ಕೆ ಸೇರಿದ ಬಹುವಾರ್ಷಿಕ ಬಳ್ಳಿ. ಹುಣಸೆಯ ಎಲೆಯನ್ನು ನೆನಪಿಸುವ ಸಂಯುಕ್ತ ಎಲೆಗಳು, ತಿಳಿ ನೇರಳೆ ಬಣ್ಣದ ಹೂಗೊಂಚಲು, 3 ರಿಂದ 5 ಸೆಂ.ಮೀ. ಉದ್ದದ ಕಾಯಿಗಳು ಇದರ ಲಕ್ಷಣಗಳು. ಕಾಯಿ ಒಣಗಿ ಬಿರಿದಾಗ ಕೆಂಪು ಮೈಯ ಮೇಲೆ ಕಪ್ಪು ಬೊಟ್ಟಿಟ್ಟಂತಹ ಹೊಳೆಯುವ ಬೀಜಗಳು ಗೋಚರಿಸುತ್ತವೆ. ಬಿಳಿ ಬೀಜದ ಬಗೆಯೂ ಉಂಟು. ಬೀಜದ ಹೊರಕವಚ ಬಹು ಗಡುಸಾಗಿರುವುದರಿಂದ ಅದು ಮಣ್ಣಿನಲ್ಲಿ ದೀರ್ಘಕಾಲ ಕೆಡದೆ ಉಳಿಯಬಲ್ಲದು.

ತಕ್ಕಡಿಯಲ್ಲಿ ಗುಲಗಂಜಿ

ಒಣಗಿದ ಬೀಜದ ತೂಕ ಹೆಚ್ಚು ಬದಲಾಗದಿರುವುದರಿಂದ ಚಿನ್ನ ತೂಗಲು ಇದನ್ನು ಪ್ರಾಚೀನ ಕಾಲದಿಂದ ಬಳಸಲಾಗಿದೆ. ಕೌಟಿಲ್ಯನ ಅರ್ಥಶಾಸ್ತ್ರದ ಪ್ರಕಾರ 5 ಗುಂಜೆಗಳಿಗೆ ಒಂದು ಸುವರ್ಣಮಾಷ, 16 ಮಾಷಗಳಿಗೆ ಒಂದು ಸುವರ್ಣ. ನಮ್ಮ ಭಾಗದಲ್ಲಿ 8 ಗುಂಜಿಗೆ ಒಂದು ಮಾಸಿ, 12 ಮಾಸಿಗೆ ಒಂದು ತೊಲೆ ಎಂಬ ಲೆಕ್ಕವಿತ್ತು. ತೊಲೆಯನ್ನು 11.66 ಗ್ರಾಂ ಎಂದು ಹಿಡಿದರೆ ಒಂದು ಗುಂಜಿಯ ತೂಕ ಸುಮಾರು 0.12 ಗ್ರಾಂ. ಕಾಳಿನಿಂದ ಕಾಳಿಗೆ ಅಲ್ಪ ವ್ಯತ್ಯಾಸವಿದ್ದೇ ಇರುವುದರಿಂದ ಸಮನಾದ ಕಾಳುಗಳನ್ನು ಆರಿಸಿಕೊಳ್ಳುವುದು ಅಗತ್ಯವಾಗಿತ್ತು. 1956ರ ತೂಕ ಮತ್ತು ಅಳತೆಗಳ ಕಾಯ್ದೆಯೊಂದಿಗೆ ದಶಮಾಂಶ ಪದ್ಧತಿ ಬಂದು ಈ ಬಳಕೆ ಕ್ರಮೇಣ ಹಿಂದೆ ಸರಿಯಿತು. ಆದರೂ "ಗುಲಗಂಜಿಯಷ್ಟೂ ಹೆಚ್ಚುಕಡಿಮೆಯಿಲ್ಲ" ಎಂಬ ಮಾತು ಇಂದಿಗೂ ಉಳಿದಿದೆ.

ಸಾಹಿತ್ಯ ಮತ್ತು ಜಾನಪದ

ಭಾಗವತದ ದಶಮಸ್ಕಂಧದ ಬ್ರಹ್ಮಸ್ತುತಿಯಲ್ಲಿ ಬಾಲಕೃಷ್ಣನು ಗುಲಗಂಜಿಯ ಕರ್ಣಾಭರಣ ಧರಿಸಿದ್ದಾನೆ. ದನಗಾಹಿ ಹುಡುಗರಿಗೆ ಬೇಲಿಯಲ್ಲಿ ದೊರೆಯುವ ಕಾಳೇ ಅಲ್ಲಿ ದೇವರ ಒಡವೆ. ಸಂಸ್ಕೃತ ಪಂಚತಂತ್ರದ ಒಂದು ಪಾಠದಲ್ಲಿ ಚಳಿಯಿಂದ ನಡುಗುವ ಕೋತಿಗಳು ಗುಲಗಂಜಿಯ ರಾಶಿಯನ್ನು ಬೆಂಕಿಯ ಕೆಂಡವೆಂದು ಭ್ರಮಿಸಿ ಊದುತ್ತಾ ಕುಳಿತುಕೊಳ್ಳುತ್ತವೆ. ಬೆಂಕಿಗೂ ಬಡಿತಕ್ಕೂ ಅಂಜದ ಚಿನ್ನವು, ತನ್ನನ್ನು ಗುಲಗಂಜಿಯೊಡನೆ ತೂಗಿದರೆಂದು ಕೊರಗುವ ಸುಭಾಷಿತವೂ ಪ್ರಸಿದ್ಧ. ಗುಲಗಂಜಿಗೆ ತನ್ನ ಕಪ್ಪು ಕಾಣದೆಂಬ ಗಾದೆ, ಸ್ವಂತ ದೋಷವನ್ನರಿಯದವರನ್ನು ಕುರಿತದ್ದು.

ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ, ಕಾವೇರಿ ಕಪಿಲಾ ಸಂಗಮದ ಬಳಿ, ಗುಂಜಾ ನರಸಿಂಹಸ್ವಾಮಿಯ ದೇವಾಲಯವಿದೆ. ಈ ಕ್ಷೇತ್ರವು ಕಾಶಿಗಿಂತ ಒಂದು ಗುಲಗಂಜಿ ತೂಕದಷ್ಟು ಹೆಚ್ಚು ಪುಣ್ಯಪ್ರದವೆಂಬುದು ಅಲ್ಲಿನ ನಂಬಿಕೆ.

ಬೆಳಗಾವಿ ಜಿಲ್ಲೆಯ ಮಟ್ಟಿಗೆ ಗುಲಗಂಜಿಯ ನೆನಪು ಮಣ್ಣಿನ ಹಬ್ಬಗಳೊಂದಿಗೆ ಬೆಸೆದಿದೆ. ಮಣ್ಣೆತ್ತಿನ ಅಮಾವಾಸ್ಯೆಯ ನಂತರ ಆಷಾಢದ ಮಂಗಳವಾರಗಳಂದು ಹೆಣ್ಣುಮಕ್ಕಳು ಗುಳ್ಳವ್ವನನ್ನು ಮಾಡಿ ಪೂಜಿಸುತ್ತಾರೆ. ಹಸಿ ಮಣ್ಣಿನ ಮೂರ್ತಿಯನ್ನು ಗುಲಗಂಜಿ, ಕುಸುಬಿ, ಜೋಳದ ಕಾಳುಗಳಿಂದ ಸಿಂಗರಿಸುವ ಪದ್ಧತಿಯುಂಟು. ಬೇಲಿಯಿಂದ ಆರಿಸಿ ತಂದ ಕಾಳುಗಳು ಇದಕ್ಕಾಗಿ ತಿಂಗಳುಗಟ್ಟಲೆ ಮನೆಯ ಡಬ್ಬಿಯಲ್ಲಿ ಉಳಿಯುತ್ತವೆ. ಇಲ್ಲಿಯೇ ನಾವು ಎಚ್ಚರ ವಹಿಸಬೇಕಾಗಿದೆ.

ವಿಷದ ಸ್ವರೂಪ

ಗುಲಗಂಜಿ ಬೀಜದಲ್ಲಿ ಅಬ್ರಿನ್ ಎಂಬ ವಿಷಕಾರಿ ಸಸಾರಜನಕವಿದೆ. ಇದು ಔಡಲ ಬೀಜದ ರೈಸಿನ್ ವಿಷಕ್ಕೆ ಹತ್ತಿರದ್ದು. ಜೀವಕೋಶದಲ್ಲಿ ಸಸಾರಜನಕ ತಯಾರಾಗುವ ಕ್ರಿಯೆಯನ್ನೇ ಇದು ನಿಲ್ಲಿಸುತ್ತದೆ. ಕವಚ ಒಡೆಯದ ಬೀಜವನ್ನು ನುಂಗಿದಾಗ ಅದು ಹಲವು ಸಲ ಹಾಗೆಯೇ ಹೊರಬೀಳುತ್ತದೆ. ಆದರೆ ಅಗಿದ, ಜಜ್ಜಿದ ಅಥವಾ ಸೂಜಿಯಿಂದ ತೂತು ಮಾಡಿದ ಬೀಜದಿಂದ ವಿಷ ಹೊರಬರುತ್ತದೆ. ಚೆನ್ನಾಗಿ ಅಗಿದ ಒಂದೆರಡು ಬೀಜಗಳೂ ಮಗುವಿನ ಪ್ರಾಣಕ್ಕೆ ಅಪಾಯ ತರಬಲ್ಲವು. ಸರಕ್ಕಾಗಿ ಪೋಣಿಸಿದ ಕಾಳು ಇಡಿಯ ಕಾಳಿಗಿಂತ ಅಪಾಯಕಾರಿಯಾಗುವುದು ಈ ಕಾರಣದಿಂದ.

ವಾಂತಿ, ಹೊಟ್ಟೆನೋವು, ರಕ್ತಮಿಶ್ರಿತ ಭೇದಿ, ನಿರ್ಜಲೀಕರಣ ಮುಖ್ಯ ಲಕ್ಷಣಗಳು. ಇವು ಕೆಲವು ಗಂಟೆಗಳಿಂದ ಒಂದೆರಡು ದಿನಗಳ ನಂತರ ಕಾಣಿಸಿಕೊಳ್ಳಬಹುದು. ನಿರ್ದಿಷ್ಟ ಪ್ರತಿವಿಷ ಲಭ್ಯವಿಲ್ಲ. ಆದುದರಿಂದ ಆಸ್ಪತ್ರೆಯ ಆರಂಭಿಕ ಚಿಕಿತ್ಸೆಯೇ ಮುಖ್ಯ.

ಜಾನುವಾರುಗಳಿಗೂ ಈ ವಿಷ ಮಾರಕ. ಬೀಜದ ಹಿಟ್ಟಿನಿಂದ ಮಾಡಿದ ಸಣ್ಣ ಮುಳ್ಳುಗಳನ್ನು ದನಗಳ ಚರ್ಮಕ್ಕೆ ಚುಚ್ಚಿ ಕೊಲ್ಲುತ್ತಿದ್ದ ದುಷ್ಕೃತ್ಯಗಳು 19ನೆಯ ಶತಮಾನದ ಭಾರತದ ದಾಖಲೆಗಳಲ್ಲಿವೆ.

ಹಳೆಯ ಮದ್ದು, ಇಂದಿನ ತಿಳುವಳಿಕೆ

ಆಯುರ್ವೇದವು ಗುಂಜೆಯನ್ನು ಉಪವಿಷಗಳ ಸಾಲಿಗೆ ಸೇರಿಸಿದೆ. ಕೂದಲು ಉದುರುವಿಕೆ ಮತ್ತು ಚರ್ಮರೋಗಗಳಿಗೆ ಲೇಪವಾಗಿ ಇದನ್ನು ಹೇಳಿದ್ದರೂ, ಹಾಲು ಅಥವಾ ಕಾಂಜಿಯಲ್ಲಿ ಬೇಯಿಸಿ ಶುದ್ಧಿ ಮಾಡಿದ ನಂತರವೇ ಬಳಸಬೇಕೆಂಬ ವಿಧಿಯಿದೆ. ಶಾಖಕ್ಕೆ ಸಸಾರಜನಕ ಕೆಡುವುದರಿಂದ ಈ ವಿಧಿಗೆ ವೈಜ್ಞಾನಿಕ ಅರ್ಥವೂ ಉಂಟು. ಆದರೆ ಎಷ್ಟು ವಿಷ ಉಳಿಯಿತೆಂಬುದನ್ನು ಮನೆಯಲ್ಲಿ ಅಳೆಯಲಾಗದು. 1945ರ ಔಷಧ ನಿಯಮಗಳ ಇ(1) ಅನುಸೂಚಿಯು ಗುಂಜಾ ಬೀಜವನ್ನು ವಿಷದ್ರವ್ಯಗಳ ಪಟ್ಟಿಯಲ್ಲಿರಿಸಿದೆ.

ಯುರೋಪಿನಲ್ಲಿಯೂ 1882ರಲ್ಲಿ ಪ್ಯಾರಿಸ್ಸಿನ ನೇತ್ರವೈದ್ಯ ಲೂಯಿ ದ ವೆಕರ್ ಕಣ್ಣಿನ ಟ್ರಕೋಮಾ ರೋಗಕ್ಕೆ ಬೀಜದ ಕಷಾಯವನ್ನು ಬಳಕೆಗೆ ತಂದನು. ಅದರಿಂದ ಕಣ್ಣಿನಲ್ಲಿ ಉಂಟಾಗುವ ಉರಿಯೂತ ಅತಿ ತೀವ್ರವಾಗಿದ್ದರಿಂದ ಆ ಚಿಕಿತ್ಸೆ ಬಳಕೆ ತಪ್ಪಿತು. ಸಿಹಿರುಚಿಯ ಎಲೆಯನ್ನು ಬಾಯಿಹುಣ್ಣಿಗೆ, ಬೇರನ್ನು ಜ್ಯೇಷ್ಠಮಧುವಿನ ಬದಲಿಗೆ ಬಳಸುವ ರೂಢಿಯಿದೆ. ವೈದ್ಯರ ಸಲಹೆಯಿಲ್ಲದೆ ಇವನ್ನೂ ಬಳಸಬಾರದು.

ರೈತ ಕುಟುಂಬಗಳಿಗೆ ಸಲಹೆಗಳು

1. ಮನೆ, ಶಾಲೆ, ಅಂಗನವಾಡಿ, ಕೊಟ್ಟಿಗೆಗಳ ಸಮೀಪದ ಬಳ್ಳಿಯನ್ನು ಹೂವಾಡುವ ಹಂತದಲ್ಲಿಯೇ, ಕಾಯಿ ಬಿರಿಯುವ ಮೊದಲು, ಬೇರುಸಹಿತ ತೆಗೆಯಿರಿ. ಮುಂದಿನ ಮಳೆಗಾಲಗಳಲ್ಲಿ ಮೊಳೆಯುವ ಸಸಿಗಳನ್ನೂ ಗಮನಿಸಿ ಕೀಳಿರಿ.

2. ದೂರದ ಬದು, ಗುಡ್ಡಗಳಲ್ಲಿರುವ ಬಳ್ಳಿಗಳನ್ನು ಸಂಪೂರ್ಣ ನಾಶಪಡಿಸುವ ಅವಶ್ಯಕತೆಯಿಲ್ಲ.

3. ಬೇಲಿ ಸವರಿದ ನಂತರ ಕಾಯಿಕಟ್ಟಿದ ಬಳ್ಳಿಯನ್ನು ಮೇವಿನೊಂದಿಗೆ ಬೆರೆಸಬೇಡಿ. ರಾಸು ತಿಂದ ಸಂಶಯವಿದ್ದರೆ ಪಶುವೈದ್ಯರನ್ನು ಸಂಪರ್ಕಿಸಿ.

4. ಗುಳ್ಳವ್ವನ ಅಲಂಕಾರಕ್ಕೆ ಕುಸುಬಿ, ಜೋಳ ಅಥವಾ ಬಣ್ಣ ಬಳಿದ ಹುಣಸೆ ಬೀಜಗಳನ್ನು ಬಳಸಿರಿ. ಗೋಕಾಕದ ಗೊಂಬೆ ಕಲಾವಿದರು ಕುಂಚದಿಂದಲೇ ಕಣ್ಣು ತೆರೆಸುತ್ತಾರೆ. ಆ ಮಾರ್ಗವೂ ಸುಂದರ. ಗುಲಗಂಜಿಯೇ ಬೇಕೆನಿಸಿದಲ್ಲಿ ಹಿರಿಯರೇ ಇಡಿಯ ಕಾಳನ್ನು ಅಂಟಿಸಿ, ತೂತು ಮಾಡದೆ, ಪೂಜೆಯ ನಂತರ ಎಣಿಸಿ ತೆಗೆದಿಡಬೇಕು.

5. ಮಗು ಬೀಜ ತಿಂದಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಲಕ್ಷಣಗಳಿಗಾಗಿ ಕಾಯದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಿರಿ. ಉಳಿದ ಬೀಜವನ್ನು ವೈದ್ಯರಿಗೆ ತೋರಿಸಿರಿ.

ಗುಲಗಂಜಿಯನ್ನು ಮಕ್ಕಳಿಗೆ ಪರಿಚಯಿಸುವಾಗ ಕೃಷ್ಣನ ಕಥೆ, ಚಿನಿವಾರನ ತಕ್ಕಡಿಗಳೊಂದಿಗೆ ಅದರ ವಿಷದ ಸಂಗತಿಯನ್ನೂ ಹೇಳಬೇಕು. ಈ ಕಾಳನ್ನು ಬಳಸಿದ ಹಿರಿಯರು ಅದನ್ನು ವಿಷವೆಂದೂ ಅರಿತಿದ್ದರು. ಬಳಕೆ ಉಳಿದು ಅರಿವು ಮರೆಯಾದರೆ ಹಾನಿಯು ಮನೆಯ ಮಕ್ಕಳಿಗೇ ತಟ್ಟುತ್ತದೆ.