ಗಣಿ, ಗಿರಣಿ, ಕಾಲುವೆ: ರಜೆಗೊಂದು ಆಟ

ಮಕ್ಕಳಿಗೆ ರಜೆ ಬಂತೆಂದರೆ ನಮ್ಮ ಶ್ರೀರಾಂಪುರದ ಕಡೆ ಜಗಲಿಯ ಮೇಲೆ ಚೌಕಾಬಾರ, ಅಳಗುಳಿ ಮಣೆ ಶುರು. ಕಾಲೇಜಿಗೆ ಹೋಗುವ ಮಕ್ಕಳಿಗೆ ಅವು ಬೇಗ ಬೇಸರ. ಅಂಥವರೊಡನೆ ನೀವೂ ಕೂತು ಆಡುವಂಥದ್ದು 'ಬ್ರಾಸ್: ಲ್ಯಾಂಕಾಶೈರ್'. ಇಂಗ್ಲೆಂಡಿನ ಮಾರ್ಟಿನ್ ವ್ಯಾಲೇಸ್ 2007ರಲ್ಲಿ ರೂಪಿಸಿದ ಆಟವಿದು. 2018ರಲ್ಲಿ ಹೊಸದಾಗಿ ಅಚ್ಚಾಯಿತು. ಇಬ್ಬರಿಂದ ನಾಲ್ವರು ಆಡಬಹುದು. ಎರಡು ಗಂಟೆಯಾದರೂ ಬೇಕು, ಅಡುಗೆ ಮುಗಿಸಿಯೇ ಕೂರಿ!

ಕೈಗಾರಿಕೆ, ಬಂಡವಾಳ ಎಲ್ಲ ನಮಗೇಕೆ ಅನ್ನಬೇಡಿ. ತಿಂಗಳ ಖರ್ಚು ತೂಗಿಸಿ ಸಂಘದ ಸಾಲದ ಕಂತು ಕಟ್ಟುವ ಹೆಂಗಸಿಗೆ ಇದರ ಗುಟ್ಟು ಗಂಡಸರಿಗಿಂತ ಬೇಗ ಹಿಡಿಯುತ್ತದೆ.

ಹಲಗೆಯ ಮೇಲೆ 1770ರಿಂದ 1870ರವರೆಗಿನ ಲ್ಯಾಂಕಾಶೈರ್ ಸೀಮೆ ಇದೆ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರಲ್ಲ, ಆ ಮ್ಯಾಂಚೆಸ್ಟರೂ ಇಲ್ಲೇ ಇದೆ. ಕವಡೆ, ದಾಳ ಇಲ್ಲ. ಪ್ರತಿಯೊಬ್ಬರ ಕೈಗೂ 8 ಎಲೆ. ಸರದಿಗೆ ಎರಡು ಕೆಲಸ, ಒಂದೊಂದಕ್ಕೂ ಒಂದು ಎಲೆ ಬಿಡಬೇಕು. ಹತ್ತಿ ಗಿರಣಿ, ಕಲ್ಲಿದ್ದಲ ಗಣಿ, ಕಬ್ಬಿಣದ ಕಾರ್ಖಾನೆ, ಬಂದರು ಇವುಗಳ ಬಿಲ್ಲೆ ಇಡುವುದು, 3 ಪೌಂಡ್ ಕೊಟ್ಟು ಕಾಲುವೆ ತೋಡುವುದು, ಬಟ್ಟೆ ಮಾರುವುದು, ಸಾಲ ತೆಗೆಯುವುದು, ಹೀಗೆ. ಆ ಸುತ್ತಿನಲ್ಲಿ ಕಡಿಮೆ ಖರ್ಚು ಮಾಡಿದವರಿಗೆ ಮುಂದಿನ ಸುತ್ತಿನಲ್ಲಿ ಮೊದಲ ಸರದಿ. ಇದು ನನಗೆ ಬಹಳ ಹಿಡಿಸಿದ ನಿಯಮ.

ಇನ್ನು ಗುಟ್ಟಿಗೆ ಬರೋಣ. 5 ಪೌಂಡಿಗೆ ಒಂದು ಗಣಿ ಇಟ್ಟಿರಿ ಅನ್ನಿ, ಅದರ ಮೇಲೆ ಎರಡು ಕಪ್ಪು ತುಂಡು ಕೂರುತ್ತವೆ. ಅವು ಅಲ್ಲೇ ಕೂತಿರುವ ತನಕ ನಿಮಗೆ ಆ ಗಣಿಯಿಂದ ಆದಾಯವೂ ಇಲ್ಲ, ಅಂಕವೂ ಇಲ್ಲ. ಎರಡೂ ಖರ್ಚಾದ ಮೇಲೇ ಬಿಲ್ಲೆ ಮಗುಚುವುದು, ಆದಾಯ ಏರುವುದು. ಎದುರಾಳಿ ಬಂದು ಒಯ್ದರೂ ದುಡ್ಡು ಕೊಡುವುದಿಲ್ಲ, ಮಜ್ಜಿಗೆ ಕೊಟ್ಟಹಾಗೆ ಪುಕ್ಕಟೆ. ಆದರೂ ಒಯ್ಯಲಿ ಬಿಡಿ, ಮಗುಚುವುದು ನಿಮ್ಮ ಬಿಲ್ಲೆ ತಾನೆ? ಆದ್ದರಿಂದ ಗಣಿಯನ್ನು ಎಲ್ಲರ ಕಾಲುವೆ ಮುಟ್ಟುವ ಊರಿನಲ್ಲಿಡಿ. ಕಬ್ಬಿಣಕ್ಕೆ ದಾರಿಯ ಹಂಗಿಲ್ಲ. ಕಲ್ಲಿದ್ದಲಿಗೆ ಕಾಲುವೆಯೋ ರೈಲೋ ಬೇಕೇ ಬೇಕು. (ನಮ್ಮ ಸೀಮೆಯಲ್ಲಿ ಕಲ್ಲಿದ್ದಲೇ ಇಲ್ಲವಲ್ಲ, 1923ರಲ್ಲಿ ಭದ್ರಾವತಿಯ ಕಬ್ಬಿಣದ ಕುಲುಮೆ ಹೊತ್ತಿದ್ದು ಕಾಡಿನ ಇದ್ದಿಲಿನಿಂದ.) ಗಿರಣಿಯೂ ಹಾಗೇ: ಬಂದರಿಗೆ ದಾರಿಯಿದ್ದು ಬಟ್ಟೆ ಮಾರಿದರೆ ಗಿರಣಿ, ಬಂದರು ಎರಡೂ ಮಗುಚುತ್ತವೆ. ಬಂದರು ಬೇರೆಯವರದಾದರೂ ಸರಿಯೇ.

ಸಾಲಕ್ಕೆ ಹೆದರುವವರು ಇಲ್ಲಿ ಹಿಂದೆ ಬೀಳುತ್ತಾರೆ. 30 ಪೌಂಡ್ ತಂದರೆ ಸುತ್ತಿಗೆ 3 ಪೌಂಡ್ ಆದಾಯ ಇಳಿಯುತ್ತದೆ. ಅಸಲು ಕಟ್ಟುವ ಹಾಗಿಲ್ಲ. ಆದಾಯದ ಗುರುತು ಕೆಳಗಿರುವಾಗಲೇ ತನ್ನಿ, ಇಳಿದದ್ದನ್ನು ಏರಿಸಿಕೊಳ್ಳುವುದು ಆಗ ಸುಲಭ. ತಂದ ದುಡ್ಡನ್ನು ಕೂಡಲೇ ಗಿರಣಿಗೋ ಗಣಿಗೋ ಹಾಕಿ. ಇದು ಆಟದ ಮಾತು. ಸಂಘದ ಪುಸ್ತಕದಲ್ಲಿ ಅಸಲೂ ಕಟ್ಟಬೇಕು, ನೆನಪಿರಲಿ!

ಆಡುವಾಗ ಮಕ್ಕಳನ್ನು ಒಂದು ಮಾತು ಕೇಳಿ: ಈ ಗಿರಣಿಗಳಿಗೆ ಹತ್ತಿ ಎಲ್ಲಿಂದ ಬಂತು? ಹಲಗೆಯ ಮೇಲೆ ಎಲ್ಲೂ ಹತ್ತಿಯ ಹೊಲವಿಲ್ಲ. ಬಹುಪಾಲು ಅಮೆರಿಕದಲ್ಲಿ ಗುಲಾಮರು ಬೆಳೆದದ್ದು. 1861ರಲ್ಲಿ ಅಲ್ಲಿ ಯುದ್ಧ ಹತ್ತಿ ಸರಕು ನಿಂತಾಗ, ಲ್ಯಾಂಕಾಶೈರಿನವರ ಕಣ್ಣು ನಮ್ಮ ಧಾರವಾಡದ ಹತ್ತಿಯ ಮೇಲೂ ಬಿತ್ತು. ಆ ಗಿರಣಿಗಳ ಅಗ್ಗದ ಬಟ್ಟೆ ಇಲ್ಲಿಗೆ ಬಂದು ನಮ್ಮ ಎಷ್ಟೋ ನೇಕಾರರ ಮಗ್ಗ ನಿಲ್ಲಿಸಿತು. ನೀವು ಬಂದರಿನಿಂದ ಬಟ್ಟೆ ಮಾರಿ ಅಂಕ ಎಣಿಸುತ್ತೀರಲ್ಲ, ಆ ಬಟ್ಟೆ ಇಳಿದ ಊರುಗಳಲ್ಲಿ ನಮ್ಮವೂ ಇದ್ದವು. ಮೊಳಕಾಲ್ಮೂರಿನ ರೇಷ್ಮೆ ಸೀರೆ ಉಟ್ಟವರಿಗೆ ಮಗ್ಗದ ಬೆಲೆ ನಾನು ಹೇಳಬೇಕಿಲ್ಲ.

ಮೊದಲ ಭಾಗ ಮುಗಿದಾಗ ಅಂಕ ಎಣಿಸಿ ಕಾಲುವೆಗಳನ್ನೆಲ್ಲ ತೆಗೆದುಬಿಡುತ್ತಾರೆ, ಮೊದಲ ದರ್ಜೆಯ ಬಿಲ್ಲೆಗಳನ್ನೂ ಕೂಡ. ಎರಡನೆಯ ಭಾಗ ರೈಲಿನದು. ಒಂದೊಂದು ರೈಲುದಾರಿಗೂ ಕಲ್ಲಿದ್ದಲು ಬೇಕಾಗಿ ಗಣಿಗಳ ಬೆಲೆ ಆಗ ತಿಳಿಯುತ್ತದೆ. ಆದ್ದರಿಂದ ಎರಡನೆಯ ದರ್ಜೆಯ ಗಣಿಯೊಂದನ್ನು ಮೊದಲೇ ಇಟ್ಟುಕೊಂಡಿರಿ, ಅದನ್ನು ತೆಗೆಯುವುದಿಲ್ಲ.

ಹೊಸಬರು ಮೊದಲ ದಿನ ಕಾಲುವೆಯ ಭಾಗವನ್ನಷ್ಟೇ ಆಡಿ ಏಳಿ. ರೈಲು ಮಾರನೆಯ ದಿನಕ್ಕಿರಲಿ.